ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ, ಆದರೂ ಕತ್ತಿನ ಆಪರೇಷನ್ ಬೇಕಾ?

ಓದುಗರ ಪ್ರಶ್ನೆ: ನನಗೆ 56 ವರ್ಷ. ದಾವಣಗೆರೆ ಹತ್ತಿರದ ಒಂದು ಊರಿನಲ್ಲಿ ಶಾಲಾ ಶಿಕ್ಷಕಿ. ಆರು ವರ್ಷದಲ್ಲಿ ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿತ್ತು. ಎರಡನೇ ಸಲ ರಕ್ತ ಪರೀಕ್ಷೆ ಮಾಡಿದಾಗ ಕ್ಯಾಲ್ಸಿಯಂ 11.2 ಬಂತು, ತಿಂಗಳು ಬಿಟ್ಟು ನೋಡಿದರೆ 11.4. ಲ್ಯಾಬಿನವರ ಪ್ರಕಾರ 10.2ರ ಒಳಗಿರಬೇಕಂತೆ. ಪಿಟಿಎಚ್ ಅನ್ನುವ ಹಾರ್ಮೋನ್ 138, ವಿಟಮಿನ್ ಡಿ 13. ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನು ಮೈನಸ್ 1.8, ಸೊಂಟ ಮೈನಸ್ 2.1. ಪ್ಯಾರಾಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದೆ, ಆಪರೇಷನ್ ಮಾಡಿಸಿ ಅಂತ ಒಬ್ಬ ಡಾಕ್ಟರ್ ಹೇಳಿದರು. ಆದರೆ ಕತ್ತಿನ ಅಲ್ಟ್ರಾಸೌಂಡ್‌ನಲ್ಲೂ ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲೂ ಏನೂ ಕಾಣಲಿಲ್ಲ. ಇನ್ನೊಬ್ಬರು, ಸ್ಕ್ಯಾನ್ ನಾರ್ಮಲ್ ಇದೆಯಲ್ಲ, ಕಾದು ನೋಡಿ ಅಂದರು. ಥೈರಾಯ್ಡ್ ಮಾತ್ರೆ ಹನ್ನೆರಡು ವರ್ಷದಿಂದ ತಗೊಳ್ತಿದ್ದೇನೆ, ಬಿಪಿ ಮಾತ್ರೆಯೂ ಇದೆ. ಮನೆಯವರು ಹಾಲು, ಮೊಸರು, ರಾಗಿ ಮುದ್ದೆ ಎಲ್ಲ ಬಿಡಿಸಿದ್ದಾರೆ. ಇದು ಕ್ಯಾನ್ಸರ್ ಇರಬಹುದಾ? ಆಪರೇಷನ್ ಆದರೆ ದನಿ ಹೋಗುತ್ತದಾ? ಮಾತ್ರೆಯಲ್ಲೇ ಗುಣ ಆಗಲ್ವಾ? ನನ್ನ ತಮ್ಮನಿಗೂ 38ನೇ ವಯಸ್ಸಿನಲ್ಲಿ ಕಲ್ಲಾಗಿತ್ತು, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ನೀವು ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ಎಲ್ಲದರ ಬುಡದಲ್ಲಿರುವ ಆತಂಕ ಒಂದೇ ಅನಿಸುತ್ತದೆ. ಸ್ಕ್ಯಾನ್‌ನಲ್ಲೇ ಸಿಗದ ಗಂಟನ್ನು ಹುಡುಕೋಕೆ ಕತ್ತು ಕೊಯ್ಯಿಸಿಕೊಳ್ಳಬೇಕಾ, ಆಮೇಲೆ ದನಿ ಹೋದರೆ ಪಾಠ ಮಾಡೋದು ಹೇಗೆ ಅಂತ. ಈ ಭಯ ಸಹಜ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವುದು ರಕ್ತ ಪರೀಕ್ಷೆ, ಸ್ಕ್ಯಾನ್ ಅಲ್ಲ. ನೀವು ಬರೆದಿರುವ ಅಂಕಿಗಳನ್ನು ನೋಡಿದರೆ ಆಪರೇಷನ್ ಕಡೆಗೇ ತೂಕ ಜಾಸ್ತಿ. ಆದರೆ ಅದಕ್ಕೆ ಮುಂಚೆ ಆಗಬೇಕಾದ ಕೆಲವು ಪರೀಕ್ಷೆಗಳು ಬಾಕಿ ಇದ್ದಂತಿದೆ. ಅವು ಮುಗಿಯದೆ ಆಪರೇಷನ್ ಟೇಬಲ್ ಹತ್ತಬೇಡಿ.

ಹೆಸರು ಒಂದೇ ಥರ ಇರುವುದರಿಂದ ಥೈರಾಯ್ಡ್ ಮತ್ತು ಪ್ಯಾರಾಥೈರಾಯ್ಡ್ ಒಂದೇ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಎರಡೂ ಬೇರೆ. ಥೈರಾಯ್ಡ್‌ನ ಹಿಂಭಾಗಕ್ಕೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಸಣ್ಣ ಗ್ರಂಥಿಗಳಿರುತ್ತವೆ, ಒಂದೊಂದೂ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಇಷ್ಟು ಸಣ್ಣದಾದ್ದರಿಂದ ಅವು ಬಹಳ ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲಂಡನ್ ಮೃಗಾಲಯದಲ್ಲಿ ಸತ್ತ ಒಂದು ಭಾರತೀಯ ಖಡ್ಗಮೃಗವನ್ನು ಕೊಯ್ದು ನೋಡುವಾಗ ರಿಚರ್ಡ್ ಓವೆನ್ ಎಂಬ ವಿಜ್ಞಾನಿ ಇವನ್ನು ಗುರುತಿಸಿದರು. ಮನುಷ್ಯರಲ್ಲಿ ಇವನ್ನು ವಿವರಿಸಿದ್ದು 1880ರಲ್ಲಿ, ಸ್ವೀಡನ್ನಿನ ಐವರ್ ಸಾಂಡ್‌ಸ್ಟ್ರಾಮ್. ನಿಮ್ಮ ಥೈರಾಯ್ಡ್ ಮಾತ್ರೆಯಿಂದ ಈ ತೊಂದರೆ ಬಂದಿಲ್ಲ, ಆ ಮಾತ್ರೆಯ ಡೋಸ್ ಏರಿಸಿದರೆ ಇಳಿಸಿದರೆ ಇದು ಗುಣವೂ ಆಗುವುದಿಲ್ಲ. ಅದನ್ನು ಹಾಗೇ ಮುಂದುವರಿಸಿ.

ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಇರುವುದು ಒಂದೇ ಮುಖ್ಯ ಕೆಲಸ, ರಕ್ತದಲ್ಲಿ ಕ್ಯಾಲ್ಸಿಯಂ ಹದವಾಗಿ ಇರುವಂತೆ ನೋಡಿಕೊಳ್ಳುವುದು. ಕ್ಯಾಲ್ಸಿಯಂ ಸ್ವಲ್ಪ ಇಳಿದರೆ ಅವು ಪಿಟಿಎಚ್ ಎಂಬ ಹಾರ್ಮೋನ್ ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಹೊರಗೆ ತೆಗೆಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ಕಡಿಮೆ ಮಾಡುತ್ತದೆ, ವಿಟಮಿನ್ ಡಿಯನ್ನು ಕ್ರಿಯಾಶೀಲ ರೂಪಕ್ಕೆ ತಂದು ಕರುಳಿನಿಂದ ಹೆಚ್ಚು ಹೀರಿಕೊಳ್ಳುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಸಾಕಷ್ಟಾದ ಮೇಲೆ ಹಾರ್ಮೋನ್ ಇಳಿಯಬೇಕು. ನಿಮ್ಮಲ್ಲಿ ಹಾಗೆ ಆಗುತ್ತಿಲ್ಲ. ಮನೆ ಮೇಲಿನ ಟ್ಯಾಂಕ್ ತುಂಬಿ ಚೆಲ್ಲುತ್ತಿದ್ದರೂ ಮೋಟರ್ ಆಫ್ ಆಗದೆ ಬೋರ್‌ವೆಲ್‌ನಿಂದ ನೀರು ಎಳೆಯುತ್ತಲೇ ಇದ್ದರೆ ಹೇಗೋ ಹಾಗೆ. ಇಲ್ಲಿ ಬೋರ್‌ವೆಲ್ ಅಂದರೆ ನಿಮ್ಮ ಮೂಳೆ, ಚೆಲ್ಲಿದ್ದು ಹೋಗಿ ಸೇರುವುದು ಕಿಡ್ನಿಗೆ. ಅದಕ್ಕೇ ಒಂದು ಕಡೆ ಮೂಳೆ ತೆಳುವಾಗಿದೆ, ಇನ್ನೊಂದು ಕಡೆ ಕಲ್ಲಾಗಿದೆ.

ಇನ್ನೊಂದು ವಿಷಯ ಇಲ್ಲಿಯೇ ಹೇಳುತ್ತೇನೆ, ನಿಮಗಲ್ಲದಿದ್ದರೂ ಬೇರೆ ಓದುಗರಿಗೆ ಬೇಕಾಗುತ್ತದೆ. ಕ್ಯಾಲ್ಸಿಯಂ ಜಾಸ್ತಿ ಇದ್ದು ಪಿಟಿಎಚ್ 50 ಅಂತ ಬಂದರೆ ಲ್ಯಾಬ್ ರಿಪೋರ್ಟಿನಲ್ಲಿ ಅದು ನಾರ್ಮಲ್ ಅಂತಲೇ ಇರುತ್ತದೆ, ಯಾಕೆಂದರೆ ಸಾಮಾನ್ಯವಾಗಿ 15ರಿಂದ 65ರವರೆಗೆ ನಾರ್ಮಲ್ ಅಂತ ಬರೆದಿರುತ್ತಾರೆ. ಆದರೆ ಅದು ನಾರ್ಮಲ್ ಅಲ್ಲ. ಅಷ್ಟು ಕ್ಯಾಲ್ಸಿಯಂ ಇರುವಾಗ ಆರೋಗ್ಯವಾಗಿರುವ ಗ್ರಂಥಿ ಬಾಯಿ ಮುಚ್ಚಿಕೊಂಡಿರಬೇಕು, ಪಿಟಿಎಚ್ ತೀರಾ ಕೆಳಗೆ ಇರಬೇಕು. ಎರಡನ್ನೂ ಒಟ್ಟಿಗೆ ನೋಡದೆ ಒಂದೊಂದನ್ನೇ ನೋಡಿ ಸಮಾಧಾನ ಪಟ್ಟುಕೊಂಡು ವರ್ಷಗಟ್ಟಲೆ ಕಲ್ಲಿಗೆ ಮಾತ್ರ ಚಿಕಿತ್ಸೆ ತಗೊಂಡವರನ್ನು ನಾನು ನೋಡುತ್ತಲೇ ಇರುತ್ತೇನೆ. ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಲ್ಯಾಬಿನ ವಿಧಾನಗಳಲ್ಲಿ ಪಿಟಿಎಚ್ ಸುಳ್ಳು ಸುಳ್ಳೇ ಕಡಿಮೆ ತೋರಿಸುತ್ತದೆ, ಹಾಗಾಗಿ ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ಅದನ್ನು ನಿಲ್ಲಿಸಬೇಕು.

ಕ್ಯಾನ್ಸರ್ ಭಯ ಬಿಡಿ. ನಿಮ್ಮಂಥವರಲ್ಲಿ ನೂರಕ್ಕೆ 80ರಿಂದ 85 ಜನಕ್ಕೆ ಒಂದೇ ಗ್ರಂಥಿಯಲ್ಲಿ ಅಡೆನೋಮಾ ಎಂಬ ಗಂಟು ಬೆಳೆದಿರುತ್ತದೆ. ಅದು ಹರಡುವ ಗಂಟಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಒಂದಕ್ಕಿಂತ ಜಾಸ್ತಿ ಗ್ರಂಥಿಗಳು ದಪ್ಪ ಆಗಿರುತ್ತವೆ. ಕ್ಯಾನ್ಸರ್ ಇರುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಅಂಥವರಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ 14ರ ಆಸುಪಾಸಿಗೆ ಹೋಗಿರುತ್ತದೆ, ಪಿಟಿಎಚ್ ಹಲವು ಪಟ್ಟು ಏರಿರುತ್ತದೆ, ಎಷ್ಟೋ ಸಲ ಕತ್ತಿನಲ್ಲಿ ಗಂಟು ಕೈಗೇ ಸಿಗುತ್ತದೆ. ನಿಮ್ಮದು ಆ ಚಿತ್ರ ಅಲ್ಲ. ಮುಂದೆ ಯಾವುದಾದರೂ ಸ್ಕ್ಯಾನ್‌ನಲ್ಲಿ ಗಂಟು ಕಂಡು, ಸೂಜಿ ಹಾಕಿ ಟೆಸ್ಟ್ ಮಾಡೋಣ ಅಂತ ಯಾರಾದರೂ ಅಂದರೆ ಒಪ್ಪುವ ಮುಂಚೆ ಹಾರ್ಮೋನ್ ತಜ್ಞರನ್ನು ಕೇಳಿ. ಪ್ಯಾರಾಥೈರಾಯ್ಡ್ ಗಂಟಿಗೆ ಸೂಜಿ ಹಾಕಿದರೆ ಜೀವಕೋಶಗಳು ಸುತ್ತ ಚೆದುರಿ ಬೆಳೆಯುವ ಸಾಧ್ಯತೆ ಇರುವುದರಿಂದ ಸಾಮಾನ್ಯವಾಗಿ ನಾವು ಅದನ್ನು ಮಾಡಿಸುವುದಿಲ್ಲ.

ಈಗ ಬಾಕಿ ಇರುವ ಪರೀಕ್ಷೆಗಳಿಗೆ ಬರೋಣ. ನಿಮ್ಮ ಬಿಪಿ ಮಾತ್ರೆಯ ಹೆಸರು ಬರೆದಿಲ್ಲ. ಅದರ ಸ್ಟ್ರಿಪ್ ಒಮ್ಮೆ ತೆಗೆದು ನೋಡಿ. ಹೆಸರಿನ ಕೊನೆಯಲ್ಲಿ ಎಚ್ ಅಥವಾ ಸಿಟಿ ಅಂತ ಇದ್ದರೆ ಅದರಲ್ಲಿ ಹೈಡ್ರೋಕ್ಲೋರೋಥಯಝೈಡ್ ಅಥವಾ ಕ್ಲೋರ್‌ಥಾಲಿಡೋನ್ ಸೇರಿರಬಹುದು. ಇವು ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ತಡೆಯುತ್ತವೆ, ಹಾಗಾಗಿ ರಕ್ತದಲ್ಲಿ ಅದು ಏರುತ್ತದೆ. ಇವುಗಳಿಂದಲೇ 138 ಪಿಟಿಎಚ್ ಬಂದಿದೆ ಅಂತ ನಾನು ಹೇಳುತ್ತಿಲ್ಲ, ಆದರೆ ಲೆಕ್ಕ ಗೋಜಲಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಬಿಪಿ ಏರಿದರೆ ಇನ್ನೊಂದು ಕಷ್ಟ. ಡಾಕ್ಟರಿಗೆ ಹೇಳಿ ಬೇರೆ ಮಾತ್ರೆಗೆ ಬದಲಾಯಿಸಿಕೊಂಡು ಕೆಲವು ವಾರ ಆದಮೇಲೆ ಕ್ಯಾಲ್ಸಿಯಂ, ಆಲ್ಬ್ಯುಮಿನ್ (ರಕ್ತದ ಒಂದು ಪ್ರೋಟೀನ್), ಪಿಟಿಎಚ್ ಒಟ್ಟಿಗೆ ನೋಡಿಸಿ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಕೂಡ ಕ್ಯಾಲ್ಸಿಯಂ ಏರಿಸುತ್ತದೆ, ನಿಮಗೆ ಅದು ಇದ್ದಂತೆ ಕಾಣುವುದಿಲ್ಲ.

ಎರಡನೆಯದು 24 ಗಂಟೆಯ ಮೂತ್ರ ಪರೀಕ್ಷೆ. ಒಂದು ದಿನ ಪೂರ್ತಿ ಮೂತ್ರ ಹಿಡಿದಿಡುವುದು ಕೆಲಸಕ್ಕೆ ಹೋಗುವವರಿಗೆ ಕಷ್ಟ, ಅದಕ್ಕೇ ಬಹಳ ಜನ ತಪ್ಪಿಸಿಕೊಳ್ಳುತ್ತಾರೆ. ಭಾನುವಾರ ಮಾಡಿ. ಇದು ಯಾಕೆ ಅಷ್ಟು ಮುಖ್ಯ ಅಂದರೆ, ವಂಶದಲ್ಲಿ ಬರುವ ಒಂದು ಸ್ಥಿತಿ ಇದೆ. ಅದರಲ್ಲಿ ರಕ್ತದ ರಿಪೋರ್ಟ್ ನಿಮ್ಮದರ ಹಾಗೇ ಕಾಣಬಹುದು, ಆದರೆ ಗ್ರಂಥಿಯಲ್ಲಿ ಗಂಟು ಇರುವುದಿಲ್ಲ. ಕ್ಯಾಲ್ಸಿಯಂ ಎಷ್ಟಿದೆ ಅಂತ ಗ್ರಹಿಸುವ ವ್ಯವಸ್ಥೆಯೇ ಹುಟ್ಟಿನಿಂದ ಸ್ವಲ್ಪ ಮೇಲಿನ ಮಟ್ಟಕ್ಕೆ ಹೊಂದಿಕೊಂಡಿರುತ್ತದೆ. ಅಂಥವರ ಮೂತ್ರದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ ಇರುತ್ತದೆ. ಅವರಿಗೆ ಆಪರೇಷನ್ ಮಾಡಿದರೆ ಉಪಯೋಗ ಇಲ್ಲ. ನಿಮಗೆ ಕಲ್ಲು ಆಗಿರುವುದರಿಂದ ಇದಿರುವ ಸಾಧ್ಯತೆ ಕಡಿಮೆ, ಆದರೂ ಸ್ಕ್ಯಾನ್‌ನಲ್ಲಿ ಏನೂ ಕಾಣದೆ ಇರುವಾಗ ಇದನ್ನು ನೋಡದೆ ಬಿಡಬಾರದು. ವಿಟಮಿನ್ ಡಿ ಕಡಿಮೆ ಇದ್ದರೂ, ಮೇಲೆ ಹೇಳಿದ ಥಯಝೈಡ್ ಬಗೆಯ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೂ ಮೂತ್ರದ ಕ್ಯಾಲ್ಸಿಯಂ ಕಡಿಮೆ ತೋರಿಸುತ್ತದೆ, ಹಾಗಾಗಿ ಅವೆರಡನ್ನೂ ಸರಿಮಾಡಿಕೊಂಡು ಮಾಡಿಸುವುದು ಒಳ್ಳೆಯದು.

ಮೂರನೆಯದು ಮುಂಗೈ ಮೂಳೆಯ ಡೆಕ್ಸಾ. ಬೆನ್ನು, ಸೊಂಟ ಮಾತ್ರ ಮಾಡಿ ಕಳಿಸುವುದು ನಮ್ಮಲ್ಲಿ ಮಾಮೂಲು. ಆದರೆ ಈ ಕಾಯಿಲೆ ಮೊದಲು ತಿನ್ನುವುದು ಗಟ್ಟಿ ಹೊರಪದರ ಜಾಸ್ತಿ ಇರುವ ಮೂಳೆಯನ್ನು, ಅದು ಚೆನ್ನಾಗಿ ಕಾಣುವುದು ಮುಂಗೈಯಲ್ಲಿ. ಬೆನ್ನಿನ ಸ್ಕೋರ್ ಪರವಾಗಿಲ್ಲ ಅನ್ನುವ ಹಾಗಿದ್ದರೂ ಮುಂಗೈ ಮೈನಸ್ 2.5ಕ್ಕಿಂತ ಕೆಳಗಿಳಿದಿರಬಹುದು. ಜೊತೆಗೆ ಬೆನ್ನುಮೂಳೆಯ ಒಂದು ಎಕ್ಸ್‌ರೇ ತೆಗೆಸಿ, ಗೊತ್ತಾಗದಂತೆ ಮೂಳೆ ಕುಸಿದಿರುತ್ತದೆ ಕೆಲವರಿಗೆ.

ವಿಟಮಿನ್ ಡಿ 13 ಅಂದರೆ ಕಡಿಮೆ, ಅದು ಸರಿಯಲ್ಲ. ಕ್ಯಾಲ್ಸಿಯಂ ಮೊದಲೇ ಜಾಸ್ತಿ ಇದೆ, ಇದಕ್ಕೆ ವಿಟಮಿನ್ ಡಿ ಬೇರೆ ಕೊಡ್ತಾರಾ ಅಂತ ಗಾಬರಿ ಆಗಬೇಡಿ. ಅದು ಕಡಿಮೆ ಇದ್ದಾಗ ಗ್ರಂಥಿಗಳು ಇನ್ನೂ ಕೆರಳುತ್ತವೆ, ಮೂಳೆ ಇನ್ನೂ ಹಾಳಾಗುತ್ತದೆ, ಆಪರೇಷನ್ ಆದಮೇಲೆ ಕ್ಯಾಲ್ಸಿಯಂ ಧಡಕ್ಕನೆ ಕುಸಿಯುವ ಅಪಾಯವೂ ಜಾಸ್ತಿ. ಹಾಗಾಗಿ ಕೊಡಬೇಕು, ಆದರೆ ಹದವಾಗಿ, ಮಧ್ಯೆ ಮಧ್ಯೆ ಕ್ಯಾಲ್ಸಿಯಂ ನೋಡಿಕೊಂಡು. ಆರು ಲಕ್ಷ ಯುನಿಟ್‌ನ ಇಂಜೆಕ್ಷನ್ ಒಂದೇ ಸಲ ಚುಚ್ಚಿಸಿಕೊಳ್ಳಬೇಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ವಿಟಮಿನ್ ಡಿಯ ಕ್ರಿಯಾಶೀಲ ರೂಪವಾದ ಕ್ಯಾಲ್ಸಿಟ್ರಿಯಾಲ್ ಸೇರಿರುತ್ತದೆ, ಅದು ಈಗ ನಿಮಗೆ ಬೇಡ. ವಿಟಮಿನ್ ಡಿ ಸರಿಹೋದ ಮೇಲೆ ಪಿಟಿಎಚ್ ಸ್ವಲ್ಪ ಇಳಿಯಬಹುದು. ಹಾಗಂತ ಕಾಯಿಲೆ ಹೋಯಿತು ಅಂತಲ್ಲ. ವಿಟಮಿನ್ ಡಿ ಕೊರತೆ ಒಂದರಿಂದಲೇ ಪಿಟಿಎಚ್ ಏರಿದ್ದರೆ ಕ್ಯಾಲ್ಸಿಯಂ ನಾರ್ಮಲ್ ಇರುತ್ತದೆ ಇಲ್ಲವೇ ಕಡಿಮೆ ಇರುತ್ತದೆ, 11.4 ಬರುವುದಿಲ್ಲ.

ಇನ್ನು ಊಟ. ಮುದ್ದೆ ಮತ್ತೆ ಶುರು ಮಾಡಿ, ದಯವಿಟ್ಟು. ಕ್ಯಾಲ್ಸಿಯಂ ಇರುವ ಊಟ ಬಿಡಬೇಕು ಅನ್ನುವುದು ಎಲ್ಲರೂ ಮಾಡುವ ತಪ್ಪು ಊಹೆ, ಕೆಲವು ಡಾಕ್ಟರುಗಳೂ ಹೇಳುತ್ತಾರೆ. ನಿಮ್ಮ ರಕ್ತದಲ್ಲಿ ಏರಿರುವ ಕ್ಯಾಲ್ಸಿಯಂ ತಟ್ಟೆಯಿಂದ ಬಂದದ್ದಲ್ಲ. ತಿನ್ನುವುದನ್ನು ನಿಲ್ಲಿಸಿದರೆ ಗ್ರಂಥಿ ಇನ್ನಷ್ಟು ಪಿಟಿಎಚ್ ಬಿಟ್ಟು ಮೂಳೆಯಿಂದ ತೆಗೆಯುತ್ತದೆ. ಕಲ್ಲಿಗೂ ಒಳ್ಳೆಯದಲ್ಲ, ಯಾಕೆಂದರೆ ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಎಂಬ ಅಂಶವನ್ನು ಹಿಡಿದುಕೊಂಡು ಹೊರಗೆ ಹಾಕುತ್ತದೆ. ಅದಿಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ, ಅಲ್ಲಿಂದ ಕಿಡ್ನಿಗೆ ಹೋಗುತ್ತದೆ. ನಿಮ್ಮ ವಯಸ್ಸಿಗೆ ಊಟದಿಂದ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗಲಿ. ನೂರು ಗ್ರಾಂ ರಾಗಿಯಲ್ಲಿ ಹೆಚ್ಚುಕಡಿಮೆ 350 ಮಿಲಿಗ್ರಾಂ ಇದೆ, ಒಂದು ಲೋಟ ಹಾಲಿನಲ್ಲಿ 200ರ ಮೇಲೆ. ಮುದ್ದೆ, ಒಂದು ಲೋಟ ಹಾಲು, ಊಟಕ್ಕೆ ಮೊಸರು ಅಥವಾ ಮಜ್ಜಿಗೆ, ಸೊಪ್ಪು. ಇಷ್ಟು ಸಾಕು, ಮಾತ್ರೆ ಬೇಡ. ಬಿಡಬೇಕಾದದ್ದು ಬೇರೆ ಇದೆ. ಮೂಳೆಗೆ ಒಳ್ಳೆಯದು ಅಂತ ವಾಟ್ಸ್ಯಾಪ್‌ನಲ್ಲಿ ಓಡಾಡುವ ಸುಣ್ಣದ ನೀರು ಕುಡಿಯಬೇಡಿ. ಎಲೆ ಅಡಿಕೆ ಅಭ್ಯಾಸ ಇದ್ದರೆ ಅದರ ಸುಣ್ಣವೂ ಲೆಕ್ಕಕ್ಕೆ ಬರುತ್ತದೆ, ಬಹಳ ಜಾಸ್ತಿ ಹಾಕುವವರಲ್ಲಿ ಸುಣ್ಣದಿಂದಲೇ ಕ್ಯಾಲ್ಸಿಯಂ ಏರಿದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ನೀರು ಚೆನ್ನಾಗಿ ಕುಡಿಯಿರಿ, ಮೂತ್ರ ತಿಳಿಯಾಗಿ ಬರುವಷ್ಟು. ಶಾಲೆಯಲ್ಲಿ ಶೌಚಾಲಯ ಸರಿ ಇಲ್ಲ ಅಂತ ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದ ಶಿಕ್ಷಕಿಯರು ಎಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತು, ಆದರೆ ನಿಮಗೆ ಅದು ನಿಜವಾಗಿಯೂ ಅಪಾಯ. ಬಾಳೆದಿಂಡಿನ ರಸ ಕುಡಿಯುವುದಾದರೆ ಕುಡಿಯಿರಿ, ಅದರಿಂದ ಗ್ರಂಥಿ ಸುಮ್ಮನಾಗುವುದಿಲ್ಲ ಅಷ್ಟೇ.

ಈಗ ಸ್ಕ್ಯಾನ್ ವಿಷಯ. ಆಪರೇಷನ್ ಬೇಕಾ ಅಂತ ಹೇಳುವುದು ಸ್ಕ್ಯಾನ್ ಕೆಲಸ ಅಲ್ಲ, ಗಂಟು ಎಲ್ಲಿದೆ ಅಂತ ಸರ್ಜನ್‌ಗೆ ದಾರಿ ತೋರಿಸುವುದು ಅದರ ಕೆಲಸ. ಗಂಟು ಸಣ್ಣದಿದ್ದರೆ, ಒಂದಕ್ಕಿಂತ ಹೆಚ್ಚು ಗ್ರಂಥಿ ದಪ್ಪ ಆಗಿದ್ದರೆ, ಅನ್ನನಾಳದ ಹಿಂದೆಯೋ ಎದೆಗೂಡಿನ ಒಳಗೋ ಅಡಗಿದ್ದರೆ ಅಲ್ಟ್ರಾಸೌಂಡ್ ಮತ್ತು ಸೆಸ್ಟಾಮಿಬಿ ಎಂಬ ನ್ಯೂಕ್ಲಿಯರ್ ಸ್ಕ್ಯಾನ್ ಎರಡಕ್ಕೂ ಸಿಗದೆ ಹೋಗಬಹುದು. ಮುಂದಿನ ಹಂತದಲ್ಲಿ 4ಡಿ ಸಿಟಿ ಇದೆ, ಫ್ಲೋರೋಕೋಲಿನ್ ಪೆಟ್ ಸ್ಕ್ಯಾನ್ ಇದೆ. ಇವುಗಳಲ್ಲಿ ಎಷ್ಟೋ ಸಲ ಸಿಗುತ್ತದೆ. ಸಿಗದಿದ್ದರೂ ದಾರಿ ಮುಚ್ಚಿಲ್ಲ. 1925ರಲ್ಲಿ ವಿಯೆನ್ನಾದಲ್ಲಿ ಫೆಲಿಕ್ಸ್ ಮಾಂಡ್ಲ್ ಎಂಬ ಸರ್ಜನ್ ಮೂಳೆ ಸವೆದು ನರಳುತ್ತಿದ್ದ ಒಬ್ಬ ಟ್ರಾಮ್ ಕಂಡಕ್ಟರ್‌ಗೆ ಈ ಆಪರೇಷನ್ ಮೊದಲ ಸಲ ಮಾಡಿದಾಗ ಇಂಥ ಯಾವ ಸ್ಕ್ಯಾನೂ ಇರಲಿಲ್ಲ, ಕಣ್ಣಿನಿಂದಲೇ ಹುಡುಕಿ ಗಂಟು ತೆಗೆದರು. ಇವತ್ತೂ ಅನುಭವ ಇರುವ ಸರ್ಜನ್ ಕತ್ತಿನ ಎರಡೂ ಕಡೆ ತೆರೆದು ನಾಲ್ಕೂ ಗ್ರಂಥಿಗಳನ್ನು ನೋಡಿ ದಪ್ಪಗಾಗಿದ್ದನ್ನು ತೆಗೆಯುತ್ತಾರೆ. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷ ಇರುವ ಹಾರ್ಮೋನ್, ಹಾಗಾಗಿ ಗಂಟು ತೆಗೆದ ಹತ್ತು ನಿಮಿಷಕ್ಕೆ ಟೇಬಲ್ ಮೇಲೇ ರಕ್ತ ತೆಗೆದು ನೋಡಿದರೆ ಅದು ಅರ್ಧಕ್ಕಿಂತ ಕೆಳಗಿಳಿದಿರಬೇಕು. ಇಳಿಯದಿದ್ದರೆ ಇನ್ನೊಂದು ಕಡೆ ಹುಡುಕಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ಸ್ಕ್ಯಾನ್‌ನಲ್ಲಿ ಸಿಗದ ಕೇಸು ಅಂದರೆ ಸರ್ಜನ್ ಯಾರು ಅನ್ನುವುದೇ ಎಲ್ಲಕ್ಕಿಂತ ಮುಖ್ಯ. ಇದನ್ನು ನಾನು ಒತ್ತಿ ಹೇಳುತ್ತೇನೆ. ವರ್ಷಕ್ಕೆ ಒಂದೋ ಎರಡೋ ಪ್ಯಾರಾಥೈರಾಯ್ಡ್ ಆಪರೇಷನ್ ಮಾಡುವವರ ಹತ್ತಿರ ಹೋಗಬೇಡಿ, ಅವರು ಎಷ್ಟೇ ಒಳ್ಳೆಯವರಿರಲಿ, ಊರಿಗೆ ಎಷ್ಟೇ ಹತ್ತಿರ ಇರಲಿ. ಇದನ್ನೇ ಮುಖ್ಯವಾಗಿ ಮಾಡುವ ಎಂಡೋಕ್ರೈನ್ ಸರ್ಜನ್‌ಗಳು ಬೆಂಗಳೂರಿನಲ್ಲಿ ಇದ್ದಾರೆ, ವೆಲ್ಲೂರಿನ ಸಿಎಂಸಿಯಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ನೀವು ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ, ಆಪರೇಷನ್ ನಡೆಯುವಾಗಲೇ ಪಿಟಿಎಚ್ ನೋಡುವ ವ್ಯವಸ್ಥೆ ಇದೆಯಾ ಅಂತ ಸಂಕೋಚ ಇಲ್ಲದೆ ಕೇಳಿ. ಒಳ್ಳೆಯ ಸರ್ಜನ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಅಂಥ ಕೈಯಲ್ಲಿ ಮೊದಲ ಸಲದ ಆಪರೇಷನ್ ನೂರಕ್ಕೆ ತೊಂಬತ್ತೈದರಷ್ಟು ಜನರಲ್ಲಿ ಗುಣ ಕೊಡುತ್ತದೆ. ಸ್ಕ್ಯಾನ್‌ನಲ್ಲಿ ಕಾಣದವರಲ್ಲಿ ಇದು ಸ್ವಲ್ಪ ಕಡಿಮೆ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ದನಿಯ ಪ್ರಶ್ನೆ. ಧ್ವನಿಪೆಟ್ಟಿಗೆಯ ನರ ಈ ಗ್ರಂಥಿಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಅದು ಎಳೆದಾಡಿದಂತಾಗಿ ಕೆಲವರಿಗೆ ದನಿ ಕೆಲವು ವಾರ ಗೊಗ್ಗರು ಆಗುತ್ತದೆ, ಆಮೇಲೆ ಸರಿಹೋಗುತ್ತದೆ. ಶಾಶ್ವತವಾಗಿ ಹಾನಿ ಆಗುವುದು ಅನುಭವಿ ಕೈಯಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ನೀವು ಶಿಕ್ಷಕಿ ಅಂತ ಸರ್ಜನ್‌ಗೆ ಮೊದಲೇ ಹೇಳಿ, ಆಪರೇಷನ್‌ಗೆ ಮುಂಚೆ ಸ್ವರತಂತುಗಳನ್ನು ಕ್ಯಾಮೆರಾದಲ್ಲಿ ನೋಡಿಸಿ, ಸಾಧ್ಯವಾದರೆ ಬೇಸಿಗೆ ರಜೆಗೆ ಇಟ್ಟುಕೊಳ್ಳಿ, ದನಿಗೆ ವಿಶ್ರಾಂತಿ ಸಿಗುತ್ತದೆ. ಉಳಿದ ಅಪಾಯಗಳೂ ಇವೆ. ಕತ್ತಿನಲ್ಲಿ ರಕ್ತ ಕಟ್ಟಿಕೊಂಡು ಊದಿಕೊಳ್ಳುವುದು ಅಪರೂಪ, ಆದರೆ ಹಾಗೇನಾದರೂ ಆದರೆ ತುರ್ತು. ಹೆಚ್ಚು ಜನರಿಗೆ ಆಗುವುದು ಕ್ಯಾಲ್ಸಿಯಂ ಇಳಿಯುವುದು. ಇಷ್ಟು ವರ್ಷ ಹಸಿದಿದ್ದ ಮೂಳೆ ಸಿಕ್ಕಿದ್ದನ್ನೆಲ್ಲ ಹೀರಿಕೊಳ್ಳುತ್ತದೆ, ಜೊತೆಗೆ ಇಷ್ಟು ದಿನ ಸುಮ್ಮನಿದ್ದ ಉಳಿದ ಗ್ರಂಥಿಗಳು ಎದ್ದು ಕೆಲಸ ಶುರು ಮಾಡಲು ಸಮಯ ಬೇಕು. ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅಂದರೆ, ಕೈ ಸೆಟೆದುಕೊಂಡರೆ ತಕ್ಷಣ ಹೇಳಬೇಕು. ಈಗ ಬೇಡ ಅಂದ ಕ್ಯಾಲ್ಸಿಯಂ, ಕ್ಯಾಲ್ಸಿಟ್ರಿಯಾಲ್ ಮಾತ್ರೆಗಳನ್ನೇ ಆಗ ಕೊಡುತ್ತಾರೆ. ನಿಮ್ಮ ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ.

ಮಾತ್ರೆಯಲ್ಲೇ ಗುಣ ಆಗಲ್ವಾ ಅಂತ ಕೇಳಿದ್ದೀರಿ. ಗುಣ ಆಗುವುದಿಲ್ಲ, ಹತೋಟಿಯಲ್ಲಿ ಇಡಬಹುದು, ಅದೂ ಅರ್ಧಂಬರ್ಧ. ಸಿನಾಕ್ಯಾಲ್ಸೆಟ್ ಎಂಬ ಮಾತ್ರೆ ಕ್ಯಾಲ್ಸಿಯಂ ಇಳಿಸುತ್ತದೆ, ಆದರೆ ಮೂಳೆಯನ್ನು ಗಟ್ಟಿ ಮಾಡುವುದಿಲ್ಲ. ವಾಕರಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಅಲೆಂಡ್ರೋನೇಟ್‌ನಂಥ ಮಾತ್ರೆ ಮೂಳೆಗೆ ಒಳ್ಳೆಯದು, ಆದರೆ ಕ್ಯಾಲ್ಸಿಯಂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹೃದಯ ಅಥವಾ ಬೇರೆ ಕಾಯಿಲೆಯಿಂದ ಆಪರೇಷನ್ ತಡೆಯದವರಿಗೆ, ಬೇಡವೇ ಬೇಡ ಅನ್ನುವವರಿಗೆ ನಾವು ಇವನ್ನು ಬಳಸುತ್ತೇವೆ.

ಕಾಯುವುದು ಯಾವಾಗಲೂ ತಪ್ಪಲ್ಲ. 70 ದಾಟಿದವರು, ಕ್ಯಾಲ್ಸಿಯಂ 10.6ರ ಹತ್ತಿರ, ಕಲ್ಲಿಲ್ಲ, ಮೂಳೆ ಪರವಾಗಿಲ್ಲ ಅಂದರೆ ವರ್ಷಕ್ಕೊಮ್ಮೆ ಕ್ಯಾಲ್ಸಿಯಂ ಮತ್ತು ಕಿಡ್ನಿ ಕೆಲಸ ತೋರಿಸುವ ಕ್ರಿಯಾಟಿನಿನ್, ಒಂದೆರಡು ವರ್ಷಕ್ಕೊಮ್ಮೆ ಡೆಕ್ಸಾ ನೋಡಿಕೊಂಡು ಆರಾಮಾಗಿ ಇರಬಹುದು. ಆದರೆ ತಜ್ಞರು ಒಪ್ಪಿಕೊಂಡಿರುವ ಮಾನದಂಡಗಳಲ್ಲಿ ಆಪರೇಷನ್‌ಗೆ ಒಂದು ಕಾರಣ ಇದ್ದರೂ ಸಾಕು. ಲ್ಯಾಬಿನ ಮೇಲಿನ ಮಿತಿಗಿಂತ ಕ್ಯಾಲ್ಸಿಯಂ 1ಕ್ಕಿಂತ ಜಾಸ್ತಿ ಏರಿರುವುದು, ಡೆಕ್ಸಾದ ಅಂಕಿ (ಟಿ ಸ್ಕೋರ್) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ, ಬೆನ್ನುಮೂಳೆ ಕುಸಿತ, ಕಿಡ್ನಿ ಕಲ್ಲು, ಕಿಡ್ನಿ ರಕ್ತ ಸೋಸುವ ಪ್ರಮಾಣ (ಇಜಿಎಫ್ಆರ್) 60ಕ್ಕಿಂತ ಕೆಳಗೆ ಇಳಿದಿರುವುದು, ವಯಸ್ಸು 50ಕ್ಕಿಂತ ಕಡಿಮೆ. ನಿಮ್ಮಲ್ಲಿ ಈಗಾಗಲೇ ಎರಡು ಇವೆ, ಮುಂಗೈ ನೋಡಿದರೆ ಮೂರಾದರೂ ಆಗಬಹುದು. ಆಪರೇಷನ್ ಆದಮೇಲೆ ಕಲ್ಲು ಕಡಿಮೆ ಆಗುತ್ತದೆ, ಮೂಳೆ ಕೆಲವು ವರ್ಷದಲ್ಲಿ ಸುಧಾರಿಸುತ್ತದೆ. ಸುಸ್ತು, ಮಂಕು, ಮರೆವು ಹೋಗುತ್ತವೆ ಅಂತ ಕೆಲವರು ಭರವಸೆ ಕೊಡುತ್ತಾರೆ. ಬಹಳ ಜನರಿಗೆ ಹಗುರ ಅನಿಸುವುದು ನಿಜ, ಆದರೆ ಅದೊಂದನ್ನೇ ನಂಬಿಕೊಂಡು ಹೋಗಬೇಡಿ.

ಅಲ್ಲಿಯವರೆಗೆ ಒಂದು ಎಚ್ಚರ. ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಡಿಮೆ ಆದರೆ ಕ್ಯಾಲ್ಸಿಯಂ ಒಮ್ಮೆಲೇ ಏರಬಹುದು. ಬಿಡದ ವಾಂತಿ, ತೀರಾ ಬಾಯಾರಿಕೆ, ಮಾತು ಗಲಿಬಿಲಿ, ಅತಿಯಾದ ನಿದ್ದೆ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ಹೋದ ಕೂಡಲೇ ಕ್ಯಾಲ್ಸಿಯಂ ಜಾಸ್ತಿ ಇರುವ ವಿಷಯ ಹೇಳಿ.

ಕೊನೆಗೆ ನಿಮ್ಮ ತಮ್ಮ. ಕಲ್ಲು ನಮ್ಮ ಕಡೆ ಸಾಮಾನ್ಯ, ಸುಮ್ನೆ ಕಾಕತಾಳೀಯ ಇರಬಹುದು. ಆದರೂ ಅವರಿಗೆ ಕ್ಯಾಲ್ಸಿಯಂ, ಆಲ್ಬ್ಯುಮಿನ್, ಪಿಟಿಎಚ್ ಮಾಡಿಸಿ. ನಿಮ್ಮ ಆಪರೇಷನ್‌ಗೆ ಮುಂಚೆಯೇ ಮಾಡಿಸಿ. ಅವರದೂ ಜಾಸ್ತಿ ಬಂದರೆ ಇದು ಈ ಪ್ಯಾರಾಥೈರಾಯ್ಡ್ ಕಾಯಿಲೆಯೇ ವಂಶದಲ್ಲಿ ಹರಿದುಬರುವ ಬಗೆ ಇರಬಹುದು. ಅದರಲ್ಲಿ ಸಾಮಾನ್ಯವಾಗಿ ಒಂದಲ್ಲ, ಹಲವು ಗ್ರಂಥಿಗಳಿಗೆ ತೊಂದರೆ ಇರುತ್ತದೆ, ಕೆಲವು ಬಗೆಗಳಲ್ಲಿ ಪಿಟ್ಯುಟರಿ ಮತ್ತು ಮೇದೋಜೀರಕ ಗ್ರಂಥಿಯನ್ನೂ ನೋಡಬೇಕಾಗುತ್ತದೆ. ಹಾಗಿದ್ದರೆ ಜೀನ್ ಪರೀಕ್ಷೆ ಬೇಕು, ಎಷ್ಟು ಗ್ರಂಥಿ ತೆಗೆಯಬೇಕು ಅನ್ನುವ ಸರ್ಜನ್ ಲೆಕ್ಕವೇ ಬದಲಾಗುತ್ತದೆ. ಸರ್ಜನ್ ಹತ್ತಿರ ಮೊದಲ ಸಲ ಹೋಗುವಾಗ ತಮ್ಮನ ರಿಪೋರ್ಟನ್ನೂ ನಿಮ್ಮ ಫೈಲಿನಲ್ಲಿ ಇಟ್ಟುಕೊಂಡು ಹೋಗಿ.